ಲಿವರು ಚಿಕ್ಕದು, ಸಾಲ ದೊಡ್ಡದು



ಬೆಲೆ, ಬಡ್ಡಿ, ಜಪ್ತಿ ಅಂತ ಪ್ರತಿ ತಿಂಗಳೂ ಬರೆಯುವ ಈ ಪುಟದಲ್ಲಿ ಈ ಸಲ ಒಂದು ಕಬ್ಬಿಣದ ತುಂಡಿನ ಬಗ್ಗೆ ಬರೆಯುತ್ತಿದ್ದೇನೆ. ಗಾಬರಿಯಾಗಬೇಡಿ, ಇದೂ ಸಾಲದ ಕತೆಯೇ. ಗಾತ್ರದಲ್ಲಿ ಒಂದು ಇಟ್ಟಿಗೆಯಷ್ಟಿರುವ ವಾಲ್ವು, ಅದರ ಮೇಲೊಂದು ಲಿವರು, ಅದಕ್ಕೆ ನಾಲ್ಕಾರು ಹೋಸು, ಎರಡು ಕಪ್ಲಿಂಗು. ಮಿನಿ ಟ್ರಾಕ್ಟರಿಗೆ ಪಲ್ಟಿ ನೇಗಿಲೋ, ಎತ್ತಿ ಸುರಿಯುವ ಟ್ರೈಲರೋ, ಮಣ್ಣು ತಳ್ಳುವ ಬ್ಲೇಡೋ ಹಾಕಬೇಕಾದರೆ ಬೇಕಾಗುವ ಸಾಮಾನು ಇಷ್ಟೇ. ಈ ಸಾಮಾನನ್ನು ಮುಂದಿಟ್ಟುಕೊಂಡು ರೈತನ ತಲೆಯ ಮೇಲೆ ಎಷ್ಟು ಸಾಲ ಹೊರಿಸಬಹುದು ಎಂಬುದು ನಾನು ನಿಮ್ಮ ಮುಂದೆ ಇಡಬೇಕೆಂದಿರುವ ವಿಚಾರ.

ನಿಮ್ಮಲ್ಲಿ ಅನೇಕರ ಮನೆ ಮುಂದೆ ಇವತ್ತು ಒಂದು ಮಿನಿ ಟ್ರಾಕ್ಟರು ನಿಂತಿದೆ. ಹದಿನೆಂಟೋ ಇಪ್ಪತ್ತೋ ಅಶ್ವಶಕ್ತಿಯದು. ಅಡಿಕೆ ಸಾಲಿನ ನಡುವೆ, ದ್ರಾಕ್ಷಿ ಚಪ್ಪರದ ಕೆಳಗೆ, ಹತ್ತಿ, ಕಬ್ಬಿನ ಸಾಲಿನ ಮಧ್ಯೆ, ದೊಡ್ಡ ಗಾಡಿ ನುಗ್ಗಲಾರದ ಕಡೆ ಇದು ನುಗ್ಗುತ್ತದೆ. ಎತ್ತು ಸಾಕೋಣ ಅಂದರೆ ಹುಲ್ಲಿಲ್ಲ, ಆಳು ಕರೆಯೋಣ ಅಂದರೆ ಆಳಿಲ್ಲ. ಕೊಂಡಿದ್ದು ತಪ್ಪು ಅಂತ ಯಾರೂ ಹೇಳಲಾರರು. ಒಂದೆರಡು ವರ್ಷ ಕಲ್ಟಿವೇಟರು, ರೋಟವೇಟರು ಹೊಡೆದಾದ ಮೇಲೆ ಇದರ ಹಿಂದೆ ಇನ್ನೊಂದು ಕಟ್ಟಿದರೆ ಹೇಗೆ ಎಂಬ ಯೋಚನೆ ಬರುವುದೂ ಸಹಜವೇ.

ಆಗ ಷೋರೂಮಿಗೆ ಹೋಗುತ್ತೀರಿ. ಅಲ್ಲಿನ ಹುಡುಗ ಬಹಳ ಮರ್ಯಾದೆಯಿಂದ ಹೇಳುತ್ತಾನೆ: "ಅಣ್ಣಾ, ನಿಮ್ಮ ಗಾಡೀಲಿ ಆ ಸೌಕರ್ಯ ಬರಲ್ಲ. ಅದು ಬೇಕೂಂದ್ರೆ ಮೇಲಿನ ಮಾಡೆಲ್ ತಗೋಬೇಕು. ಹಳೇದನ್ನ ಎಕ್ಸ್‌ಚೇಂಜ್ ಮಾಡ್ಕೊಡ್ತೀವಿ." ನೀವು ಬೇಡ ಅಂದರೆ ಎರಡನೇ ದಾರಿ ತೋರಿಸುತ್ತಾನೆ: "ಹಾಗಾದ್ರೆ ಟ್ರೈಲರು, ಕಿಟ್ಟು ಎರಡೂ ಸೇರಿಸಿ ಕಂತಿನಲ್ಲಿ ಹಾಕ್ಕೊಡ್ತೀವಿ. ಕೈಯಿಂದ ಏನೂ ಕೊಡ್ಬೇಡಿ, ಇಲ್ಲೊಂದು ಸಹಿ ಹಾಕಿ ಸಾಕು." ಕೈಯಿಂದ ಏನೂ ಕೊಡಬೇಡಿ ಎಂಬ ಮಾತು ಕೇಳಿ ಹಾಳಾದ ಮನೆಗಳು ನಮ್ಮ ತಾಲ್ಲೂಕುಗಳಲ್ಲಿ ಎಷ್ಟಿವೆ ಎಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ನೀರಿದೆ, ತೂಬಿಲ್ಲ

ಸಹಿ ಹಾಕುವ ಮುಂಚೆ ನಿಮ್ಮ ಗಾಡಿಯಲ್ಲಿ ಏನಿದೆ, ಏನಿಲ್ಲ ಅಂತ ತಿಳಿದುಕೊಳ್ಳಿ.

ಸೀಟಿನ ಹಿಂದಿನ ಲಿಫ್ಟು ಕಲ್ಟಿವೇಟರನ್ನು ಎತ್ತುತ್ತದಲ್ಲ, ಅದನ್ನು ಎತ್ತುವುದು ಎಣ್ಣೆ. ಇಂಜಿನ್ನಿನಿಂದ ತಿರುಗುವ ಒಂದು ಪಂಪು ಎಣ್ಣೆಯನ್ನು ಎಳೆದು ಲಿಫ್ಟಿಗೆ ದೂಡುತ್ತದೆ. ಬಹಳಷ್ಟು ಸಣ್ಣ ಗಾಡಿಗಳಲ್ಲಿ ಇದು ಗೇರ್ ಬಾಕ್ಸಿನಲ್ಲಿರುವ ಎಣ್ಣೆಯೇ. ಇಂಜಿನ್ ಓಡುತ್ತಿರುವಷ್ಟು ಹೊತ್ತೂ ಈ ಎಣ್ಣೆ ಸುತ್ತುತ್ತಲೇ ಇರುತ್ತದೆ. ಲಿಫ್ಟಿನ ಲಿವರು ಎಳೆದಾಗ ಮಾತ್ರ ಅದಕ್ಕೆ ಒತ್ತಡ ಏರುತ್ತದೆ.

ಅಂದರೆ ಶಕ್ತಿ ಈಗಾಗಲೇ ನಿಮ್ಮ ಗಾಡಿಯೊಳಗಿದೆ. ಅದಕ್ಕೆ ನೀವು ದುಡ್ಡನ್ನೂ ಕೊಟ್ಟಾಗಿದೆ. ಇಲ್ಲದೇ ಇರುವುದು ಆ ಎಣ್ಣೆಯನ್ನು ಹೊರಗೆ ಕರೆದುಕೊಂಡು ಹೋಗಿ, ಕೆಲಸ ಮಾಡಿಸಿ, ವಾಪಸ್ಸು ತರುವ ದಾರಿ. ಕಾಲುವೆಯಲ್ಲಿ ನೀರು ಹರಿಯುತ್ತಿದೆ, ನಿಮ್ಮ ಹೊಲಕ್ಕೆ ತೂಬು ಇಟ್ಟಿಲ್ಲ, ಅಷ್ಟೇ. ತೂಬು ಇಲ್ಲ ಅಂತ ಯಾರಾದರೂ ಹೊಸ ಕಾಲುವೆ ಕೊಂಡುಕೊಳ್ಳುತ್ತಾರೆಯೇ?

ಆ ತೂಬೇ ಈ ವಾಲ್ವು. ಗ್ಯಾರೇಜಿನವರು ಡಿ.ಸಿ. ವಾಲ್ವು ಅಂತಾರೆ. ಇದರಲ್ಲಿ ಎರಡು ಬಗೆ. ಎಣ್ಣೆಯನ್ನು ಒಂದೇ ಕಡೆಯಿಂದ ದೂಡುವುದು ಒಂದು. ಟ್ರೈಲರಿನ ಜಾಕಿಗೆ ಇಷ್ಟು ಸಾಕು. ಎಣ್ಣೆ ಎತ್ತುತ್ತದೆ, ಇಳಿಯುವಾಗ ಟ್ರೈಲರು ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಎರಡೂ ಕಡೆಯಿಂದ ದೂಡುವುದು ಇನ್ನೊಂದು. ಪಲ್ಟಿ ನೇಗಿಲನ್ನು ಆ ಕಡೆಗೂ ಈ ಕಡೆಗೂ ಹೊರಳಿಸಬೇಕಾದರೆ ಇದೇ ಬೇಕು. ನಿಮ್ಮ ಕೆಲಸ ಯಾವುದು ಎಂದು ತೀರ್ಮಾನವಾಗದೆ ವಾಲ್ವು ಕೊಳ್ಳಬೇಡಿ. ಹಲವು ಗಾಡಿಗಳಲ್ಲಿ ಟ್ರೈಲರಿಗೆಂದು ಎಣ್ಣೆ ತೆಗೆಯುವ ಒಂದು ಬಾಯಿ ಮೊದಲೇ ಇರುತ್ತದೆ, ಬೋಲ್ಟು ಹಾಕಿ ಮುಚ್ಚಿರುತ್ತಾರೆ. ಗಾಡಿಯ ಕೈಪಿಡಿ ನೋಡಿ, ಇಲ್ಲವೇ ಬಲ್ಲ ಮೇಸ್ತ್ರಿಯನ್ನು ಕೇಳಿ. ಅದು ಇದ್ದರೆ ನಿಮ್ಮ ಖರ್ಚು ಒಂದು ಹೋಸು, ಒಂದು ಕಪ್ಲಿಂಗಿಗೇ ಮುಗಿದೀತು.

ಕೇಳಬೇಕಾದ ನಾಲ್ಕು ಮಾತು

ಒಂದನೆಯದು: ಪಂಪು ನಿಮಿಷಕ್ಕೆ ಎಷ್ಟು ಲೀಟರು ದೂಡುತ್ತದೆ, ಎಷ್ಟು ಒತ್ತಡದವರೆಗೆ ದೂಡುತ್ತದೆ? ಈ ಎರಡು ಅಂಕಿ ಗೊತ್ತಾದರೆ ಉಳಿದದ್ದು ನಾಲ್ಕನೇ ಕ್ಲಾಸಿನ ಲೆಕ್ಕ. ಉದಾಹರಣೆಗೆ 15 ಲೀಟರು, 150 ಬಾರ್ ಒತ್ತಡ ಎಂದಿಟ್ಟುಕೊಳ್ಳಿ. ಎರಡನ್ನೂ ಗುಣಿಸಿ 600ರಿಂದ ಭಾಗಿಸಿ. 3.75 ಕಿಲೋವಾಟ್ ಬರುತ್ತದೆ, ಅಂದರೆ ಸುಮಾರು 5 ಅಶ್ವಶಕ್ತಿ. ಇಪ್ಪತ್ತರ ಗಾಡಿಯಲ್ಲಿ ಕಾಲು ಭಾಗ ಇದಕ್ಕೇ ಹೋಯಿತು. ಪಲ್ಟಿ ನೇಗಿಲಿನ ಜಾಕು 5 ಸೆಂಟಿಮೀಟರು ಅಗಲ, 25 ಸೆಂಟಿಮೀಟರು ಓಟದ್ದಾದರೆ ಅದಕ್ಕೆ ಅರ್ಧ ಲೀಟರು ಎಣ್ಣೆ ಸಾಕು. ಎರಡು ಸೆಕೆಂಡಿನಲ್ಲಿ ನೇಗಿಲು ಹೊರಳುತ್ತದೆ. ಇದಕ್ಕೆ ಮೇಲಿನ ಮಾಡೆಲ್ ಯಾಕೆ ಬೇಕು?

ಎರಡನೆಯದು: ಗೇರ್ ಬಾಕ್ಸು ಎಷ್ಟು ಎಣ್ಣೆಯನ್ನು ಸಾಲ ಕೊಡಬಲ್ಲದು? ಸಾಲ ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ಟ್ರೈಲರಿನ ಜಾಕು 8 ಸೆಂಟಿಮೀಟರು ಅಗಲವಿದ್ದು ಒಂದು ಮೀಟರು ಮೇಲೆದ್ದರೆ ಅದರ ಹೊಟ್ಟೆಗೆ 5 ಲೀಟರು ಎಣ್ಣೆ ಬೇಕು. ಅದು ಬರುವುದು ಗೇರ್ ಬಾಕ್ಸಿನಿಂದಲೇ. ಅಷ್ಟು ಹೊತ್ತು ಅಲ್ಲಿ 5 ಲೀಟರು ಕಡಿಮೆ. ಇಳಿಜಾರಿನಲ್ಲಿ ನಿಂತಿದ್ದರೆ ಪಂಪು ಎಣ್ಣೆಯ ಬದಲು ಗಾಳಿ ಎಳೆಯುತ್ತದೆ, ಗೇರು ಒಣಗುತ್ತದೆ. ಇದು ಪಲ್ಟಿ ನೇಗಿಲಿಗೆ ಬಾರದ ತೊಂದರೆ, ಟ್ರೈಲರಿಗೆ ಬರುವ ತೊಂದರೆ. ಜಾಕು ಎಷ್ಟು ಲೀಟರು ಕುಡಿಯುತ್ತದೆ ಅಂತ ಕೇಳಿಯೇ ಟ್ರೈಲರು ಕೊಳ್ಳಿ.

ಮೂರನೆಯದು: ವಾಲ್ವಿಗೆ ಮೂರು ದಾರಿ ಇವೆಯೇ? ಪಂಪಿನಿಂದ ಎಣ್ಣೆ ಬರುವ ದಾರಿ ಒಂದು. ಇಲ್ಲಿ ಕೆಲಸವಿಲ್ಲದಾಗ ಅದು ತಡೆಯಿಲ್ಲದೆ ಮುಂದೆ ಲಿಫ್ಟಿಗೆ ಹೋಗುವ ದಾರಿ ಇನ್ನೊಂದು. ಜಾಕಿನಿಂದ ಹಿಂತಿರುಗಿದ ಎಣ್ಣೆ ಗೇರ್ ಬಾಕ್ಸಿಗೆ ಇಳಿಯುವ ದಾರಿ ಮತ್ತೊಂದು. ಮುಂದೆ ಹೋಗುವ ದಾರಿಗೆ ಅಂಗಡಿಯಲ್ಲಿ ಪವರ್ ಬಿಯಾಂಡ್ ಅಂತ ಕೇಳಬೇಕು. ಅಗ್ಗದ ವಾಲ್ವುಗಳಲ್ಲಿ ಈ ದಾರಿ ಇರುವುದಿಲ್ಲ. ಮೇಸ್ತ್ರಿ ಇಳಿಯುವ ದಾರಿಯನ್ನೇ ಲಿಫ್ಟಿಗೆ ಜೋಡಿಸಿ ಕಳಿಸುತ್ತಾನೆ. ಒಂದು ವಾರ ಚೆನ್ನಾಗಿಯೇ ನಡೆಯುತ್ತದೆ. ಆದರೆ ಲಿಫ್ಟು ಎತ್ತಿದಾಗಲೆಲ್ಲ ವಾಲ್ವಿನ ಹಿಂಭಾಗದಲ್ಲಿ ಇರಬಾರದ ಒತ್ತಡ ನಿಲ್ಲುತ್ತದೆ. ಸೀಲು ಒಡೆಯುತ್ತದೆ, ಕೆಲವು ಸಲ ವಾಲ್ವೇ ಬಿರಿಯುತ್ತದೆ.

ನಾಲ್ಕನೆಯದು: ಕೋಡಿ ಎಲ್ಲಿದೆ? ಕೆರೆಗೆ ಕೋಡಿ ಇದ್ದ ಹಾಗೆ ಈ ಎಣ್ಣೆಗೂ ಒಂದು ಕೋಡಿ ಬೇಕು. ರಿಲೀಫ್ ವಾಲ್ವು ಅಂತಾರೆ. ಒತ್ತಡ ಮಿತಿ ಮೀರಿದಾಗ ಅದು ತೆರೆದುಕೊಂಡು ಎಣ್ಣೆಯನ್ನು ಬಿಟ್ಟುಬಿಡುತ್ತದೆ. ಹೊಸ ವಾಲ್ವು ಪಂಪಿಗೂ ಹಳೆಯ ಕೋಡಿಗೂ ಮಧ್ಯೆ ಕೂತಿದ್ದರೆ ಹೊಸದಕ್ಕೆ ಅದರದೇ ಕೋಡಿ ಇರಲೇಬೇಕು. ಇಲ್ಲದಿದ್ದರೆ ಜಾಕು ತುದಿ ಮುಟ್ಟಿದ ಕ್ಷಣ ಪಂಪೋ ಹೋಸೋ ಒಡೆದುಹೋಗುತ್ತದೆ. "ಇನ್ನೂ ಸ್ವಲ್ಪ ಭಾರ ಎತ್ತಲಿ" ಅಂತ ಅದರ ಸ್ಕ್ರೂ ಬಿಗಿಯುವವರಿದ್ದಾರೆ. ಅದು ಕೋಡಿಗೆ ಕಲ್ಲು ಕಟ್ಟಿ ಕೆರೆ ತುಂಬಿಸಿದ ಹಾಗೆ. ಏರಿ ಒಡೆದಾಗ ಕಲ್ಲು ಕಟ್ಟಿದವನು ಅಲ್ಲಿರುವುದಿಲ್ಲ.

ಇನ್ನೊಂದು ಮಾತು. ಜಾಕು ತುದಿ ಮುಟ್ಟಿದ ಮೇಲೂ ಲಿವರು ಹಿಡಿದೇ ಇರಬೇಡಿ. ಆ 5 ಅಶ್ವಶಕ್ತಿ ಅಷ್ಟೂ ಬಿಸಿಯಾಗಿ ಎಣ್ಣೆಗೆ ಸೇರುತ್ತದೆ. ಡೀಸೆಲ್ ಉರಿಸಿ ಎಣ್ಣೆ ಕಾಯಿಸಿದ ಹಾಗಾಯಿತು.

ನಮ್ಮವರೊಬ್ಬರ ಕತೆ

ನಮ್ಮ ಕಡೆಯ ಅಡಿಕೆ ಬೆಳೆಗಾರರೊಬ್ಬರು ಗೊಬ್ಬರ ಸಾಗಿಸಲು ಎತ್ತಿ ಸುರಿಯುವ ಟ್ರೈಲರು ಕೊಂಡರು. ವಾಲ್ವು ಕೂರಿಸಿದ್ದು ಮಾರಿದವರೇ. ಎರಡನೇ ತಿಂಗಳಿಗೆ ಗೇರು ಕೂಗತೊಡಗಿತು, ನಾಲ್ಕನೇ ತಿಂಗಳಿಗೆ ಗಾಡಿ ಷೆಡ್ಡು ಸೇರಿತು. ವಾರಂಟಿ ಕೇಳಿದರೆ ಗಾಡಿ ಮಾರಿದವರು, "ಹೊರಗಿನ ಸಾಮಾನು ಹಾಕಿದ್ದೀರಿ, ನಮಗೆ ಸಂಬಂಧವಿಲ್ಲ" ಅಂದರು. ಟ್ರೈಲರು ಮಾರಿದವರು, "ಗಾಡಿಯ ಗೇರಿಗೆ ನಾವು ಹೇಗೆ ಜವಾಬ್ದಾರರು?" ಅಂದರು. ಸಾಲ ಕೊಟ್ಟವರು ಏನನ್ನೂ ಅನ್ನಲಿಲ್ಲ. ತಿಂಗಳ ಐದನೇ ತಾರೀಖು ಬಂದು ಬಾಗಿಲಲ್ಲಿ ನಿಂತರು.

ಕೊನೆಗೆ ಸಂತೆಬೀದಿಯ ಒಬ್ಬ ಮುದುಕ ಮೇಸ್ತ್ರಿ ಬಿಚ್ಚಿ ನೋಡಿ ಹೇಳಿದ: "ಯಜಮಾನ್ರೇ, ಗಾಡಿದೂ ತಪ್ಪಿಲ್ಲ, ಟ್ರೈಲರುದೂ ತಪ್ಪಿಲ್ಲ. ಈ ಗಾಡಿ ಕೊಡೋ ಎಣ್ಣೆಗಿಂತ ಆ ಜಾಕು ಕುಡಿಯೋ ಎಣ್ಣೆ ಜಾಸ್ತಿ. ಕೊಡೋ ಮುಂಚೆ ಒಬ್ಬನಾದ್ರೂ ಅಳತೆ ಹಾಕ್ಬೇಕಿತ್ತು." ಅಳತೆ ಹಾಕುವುದರಿಂದ ಮಾರುವವನಿಗೆ ಲಾಭವಿಲ್ಲ. ಅದಕ್ಕೇ ಯಾರೂ ಹಾಕಲಿಲ್ಲ. ಅಳತೆ ಹಾಕುವುದು ಲಾಭವಾಗುವುದು ನಮಗೆ. ಆದ್ದರಿಂದ ಹಾಕುವವರೂ ನಾವೇ ಆಗಬೇಕು.

ಬಡ್ಡಿಯ ಲೆಕ್ಕ

ಎಣ್ಣೆಯ ಲೆಕ್ಕ ಆಯಿತು, ಈಗ ಸಾಲದ ಲೆಕ್ಕ ಹಾಕೋಣ. ಟ್ರೈಲರು, ಕಿಟ್ಟು ಸೇರಿ ಒಂದು ಲಕ್ಷ ರೂಪಾಯಿ, ಮೂರು ವರ್ಷ, "ಬರೀ ಶೇಕಡಾ 12, ಫ್ಲಾಟ್" ಅಂತ ಇಟ್ಟುಕೊಳ್ಳಿ. ಫ್ಲಾಟ್ ಅಂದರೆ ಏನು? ನೀವು ತಿಂಗಳು ತಿಂಗಳೂ ಅಸಲು ತೀರಿಸುತ್ತಾ ಬಂದರೂ ಕೊನೆಯ ತಿಂಗಳವರೆಗೂ ಇಡೀ ಒಂದು ಲಕ್ಷಕ್ಕೇ ಬಡ್ಡಿ. ಮೂರು ವರ್ಷಕ್ಕೆ 36,000 ರೂಪಾಯಿ. ತಿಂಗಳ ಕಂತು 3,778. ಉಳಿದ ಅಸಲಿಗೆ ಮಾತ್ರ ಬಡ್ಡಿ ಎಂಬ ನ್ಯಾಯದ ಲೆಕ್ಕಕ್ಕೆ ಇದನ್ನು ತಂದು ನೋಡಿದರೆ ಬಡ್ಡಿ ಶೇಕಡಾ 21 ದಾಟುತ್ತದೆ! ಬಾಯಲ್ಲಿ ಹನ್ನೆರಡು, ಕಾಗದದಲ್ಲಿ ಇಪ್ಪತ್ತೊಂದು. ಬೆಳೆ ಸಾಲದ ಬಡ್ಡಿ ರಿಯಾಯಿತಿಗೂ ಈ ಕಂತಿಗೂ ಸಂಬಂಧವಿಲ್ಲ ಎಂಬುದನ್ನು ಮರೆಯಬೇಡಿ.

ರೂಪಾಯಿಯಲ್ಲಿ ಹೇಳಿದರೆ ನಮಗೆ ನಾಟುವುದಿಲ್ಲ, ಕ್ವಿಂಟಾಲಿನಲ್ಲಿ ಹೇಳುತ್ತೇನೆ. 2025-26ರ ಮುಂಗಾರಿಗೆ ಮೆಕ್ಕೆಜೋಳದ ಬೆಂಬಲ ಬೆಲೆ 2,400 ರೂಪಾಯಿ. ಆ ಬೆಲೆ ಸಿಕ್ಕರೆ ಈ ಬಡ್ಡಿಗೆ 15 ಕ್ವಿಂಟಾಲು ಹೋಗುತ್ತದೆ. 2025ರ ಕೊನೆಯಲ್ಲಿ ನಮ್ಮ ಮಾರುಕಟ್ಟೆಗಳಲ್ಲಿ ಮೆಕ್ಕೆಜೋಳ ಬೆಂಬಲ ಬೆಲೆಗಿಂತ ಎಷ್ಟು ಕೆಳಗಿತ್ತು ಎಂಬುದು ಚೀಲ ಹೊತ್ತು ನಿಂತವರಿಗೆ ಗೊತ್ತು. 1,800ಕ್ಕೆ ಕೊಟ್ಟವನಿಗೆ ಅದೇ ಬಡ್ಡಿಗೆ 20 ಕ್ವಿಂಟಾಲು ಹೋಯಿತು. ಲಿವರು ಅದೇ, ಸಾಲ ಅದೇ, ಜೋಳ ಮಾತ್ರ 5 ಕ್ವಿಂಟಾಲು ಹೆಚ್ಚು.

ಇನ್ನೊಂದು ಸೂಕ್ಷ್ಮ ಇದೆ, ದಯವಿಟ್ಟು ನಿಧಾನವಾಗಿ ಓದಿ. ಬೆಂಬಲ ಬೆಲೆ ಕಟ್ಟುವಾಗ ಕೇಂದ್ರ ಸರ್ಕಾರ 2018-19ರಿಂದ "ಖರ್ಚಿನ ಒಂದೂವರೆ ಪಟ್ಟು" ಅನ್ನುತ್ತಿದೆ. ಯಾವ ಖರ್ಚು? ಎ2 ಮತ್ತು ಮನೆಮಂದಿಯ ದುಡಿಮೆ. ಬೀಜ, ಗೊಬ್ಬರ, ಕೂಲಿ, ಯಂತ್ರದ ಬಾಡಿಗೆ, ಸಲಕರಣೆಯ ಸವಕಳಿ ಇದರೊಳಗೆ ಬರುತ್ತವೆ. ಯಂತ್ರದಲ್ಲಿ ಹೂಡಿದ ಬಂಡವಾಳದ ಬಡ್ಡಿ, ಸ್ವಂತ ಭೂಮಿಯ ಗೇಣಿ ಇವು ಬರುವುದು ಸಿ2 ಎಂಬ ದೊಡ್ಡ ಲೆಕ್ಕದಲ್ಲಿ. ಆ ಲೆಕ್ಕದ ಮೇಲೆ ಐವತ್ತು ಶೇಕಡಾ ಕೊಡಿ ಅಂತ ನಾವು ಕೂಗುತ್ತಲೇ ಇದ್ದೇವೆ, ಅವರು ಕೊಟ್ಟಿಲ್ಲ. ಅಂದರೆ ನೀವು ಟ್ರಾಕ್ಟರಿಗೂ ಟ್ರೈಲರಿಗೂ ವಾಲ್ವಿಗೂ ಕಟ್ಟುತ್ತಿರುವ ಬಡ್ಡಿ ನಿಮ್ಮ ಜೋಳದ ಬೆಲೆಯ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಒಂದು ಕಡೆ "ಯಾಂತ್ರೀಕರಣ ಮಾಡಿ, ಆಧುನಿಕರಾಗಿ" ಅಂತ ಮೇಳ ನಡೆಸುತ್ತಾರೆ. ಇನ್ನೊಂದು ಕಡೆ ಬೆಲೆ ಕಟ್ಟುವಾಗ ಆ ಯಂತ್ರದ ಬಡ್ಡಿ ನಮಗೆ ಕಾಣಲಿಲ್ಲ ಅನ್ನುತ್ತಾರೆ. ಇದಕ್ಕೆ ಏನೆನ್ನಬೇಕು?

ಹಾಗಾದರೆ ಹಾಕಿಸಬಾರದೇ?

ಹಾಗಲ್ಲ. ನಾನು ಯಂತ್ರದ ವಿರೋಧಿಯಲ್ಲ. ಗುಂಟೆ ಗುಂಟೆಗೂ ಬೆನ್ನು ಬಗ್ಗಿಸಿ ಮಂಕರಿ ಹೊರುವ ಹೆಣ್ಣುಮಕ್ಕಳ ತಲೆಯಿಂದ ಗೊಬ್ಬರ ಇಳಿಸುವ ಯಂತ್ರವನ್ನು ವಿರೋಧಿಸುವವನು ಗೊಬ್ಬರ ಹೊತ್ತವನಲ್ಲ. ನಾನು ಹೇಳುವುದು ಇಷ್ಟು: ವರ್ಷಕ್ಕೆ ಎಷ್ಟು ಗಂಟೆ ಕೆಲಸ ಅಂತ ಮೊದಲು ಬರೆದುಕೊಳ್ಳಿ. ಮೇಲಿನ ಲೆಕ್ಕದಲ್ಲಿ ವರ್ಷದ ಕಂತು 45,333 ರೂಪಾಯಿ. ಟ್ರೈಲರು ವರ್ಷಕ್ಕೆ 60 ಗಂಟೆ ಓಡಿದರೆ ಗಂಟೆಗೆ 756 ರೂಪಾಯಿ ಬಿತ್ತು, ಡೀಸೆಲ್ ಬೇರೆ. ಐದು ಮನೆಯವರು ಸೇರಿ 300 ಗಂಟೆ ಓಡಿಸಿದರೆ 151ಕ್ಕೆ ಇಳಿಯಿತು. ವಾಲ್ವು ಪ್ರತಿ ಗಾಡಿಗೂ ಬೇಕು, ಅದಕ್ಕೆ ದೊಡ್ಡ ದುಡ್ಡು ಬೇಡ. ಟ್ರೈಲರು, ಪಲ್ಟಿ ನೇಗಿಲು ಪ್ರತಿ ಮನೆಗೂ ಬೇಡ. ಎಲ್ಲರ ಕಪ್ಲಿಂಗೂ ಒಂದೇ ಅಳತೆಯದಾಗಿದ್ದರೆ ಒಂದೇ ನೇಗಿಲು ಐದು ಗಾಡಿಗೆ ಹೊಂದುತ್ತದೆ. ಆದ್ದರಿಂದ ಹಾಕಿಸುವ ಮುಂಚೆ ನೆರೆಯವರನ್ನು ಕೇಳಿ, ಅವರದೇ ಅಳತೆ ಹಾಕಿಸಿ. ಮುಯ್ಯಾಳು ಪದ್ಧತಿ ನಮಗೆ ಹೊಸದಲ್ಲ, ಮುಯ್ಯಿ ಯಂತ್ರ ಯಾಕಾಗಬಾರದು?

ರಾಜ್ಯದಲ್ಲಿ 2014-15ರಲ್ಲಿ ಕೃಷಿ ಯಂತ್ರಧಾರೆ ಕೇಂದ್ರಗಳು ಹೋಬಳಿ ಮಟ್ಟದಲ್ಲಿ ಶುರುವಾದವು. ಬಾಡಿಗೆಗೆ ಯಂತ್ರ ಕೊಡುವುದು ಅವುಗಳ ಕೆಲಸ. ನಿಮ್ಮ ಹೋಬಳಿಯ ಕೇಂದ್ರಕ್ಕೆ ಹೋಗಿ, ಮಿನಿ ಟ್ರಾಕ್ಟರಿಗೆ ಹೊಂದುವ ನೇಗಿಲು, ಟ್ರೈಲರು ಇದೆಯೇ ಅಂತ ಕೇಳಿ. ಇಲ್ಲದಿದ್ದರೆ ಯಾಕಿಲ್ಲ ಅಂತ ಬರೆದು ಕೇಳಿ. ದೊಡ್ಡ ಗಾಡಿಗೆ ಹೊಂದುವುದನ್ನಷ್ಟೇ ಇಟ್ಟುಕೊಂಡು ಸಣ್ಣ ರೈತನ ಕೇಂದ್ರ ಅಂತ ಬೋರ್ಡು ಹಾಕುವುದನ್ನು ನಾವು ಒಪ್ಪಬಾರದು.

ಪ್ರಾಣದ ಮಾತು

ಹಾಕಿಸಿದವರಿಗೆ ಮೂರು ಎಚ್ಚರಿಕೆ. ಹೋಸಿನಲ್ಲಿ ಸೂಜಿಮೊನೆಯಷ್ಟು ತೂತಾದರೂ ಎಣ್ಣೆ ಚರ್ಮ ತೂರಿಕೊಂಡು ಒಳಗೆ ಹೋಗುತ್ತದೆ. ಸೋರಿಕೆಯನ್ನು ಕೈಯಿಂದ ಸವರಿ ಹುಡುಕಬೇಡಿ, ರಟ್ಟಿನ ತುಂಡು ಹಿಡಿದು ನೋಡಿ. ಒಳಗೆ ಹೋದರೆ ಗಾಯ ಸಣ್ಣದಾಗಿ ಕಂಡರೂ ಅವತ್ತೇ, ಆ ಗಳಿಗೆಯಲ್ಲೇ ದೊಡ್ಡಾಸ್ಪತ್ರೆಗೆ ಹೋಗಿ. ಅರಿಸಿನ ಮೆತ್ತಿ ಕೂತರೆ ಕೈ ಹೋಗುತ್ತದೆ. ಎರಡನೆಯದು, ಎತ್ತಿದ ಟ್ರೈಲರಿನ ಕೆಳಗೆ ಆಸರೆ ಕೊಡದೆ ತಲೆ ಹಾಕಬೇಡಿ. ಅದನ್ನು ಹಿಡಿದಿರುವುದು ಒಂದು ಹೋಸು ಮಾತ್ರ. ಮೂರನೆಯದು, ಮುಂದೆ ಲೋಡರು ಹಾಕಿಸಿ ಮಿನಿ ಗಾಡಿಯನ್ನು ಜೆ.ಸಿ.ಬಿ. ಮಾಡಹೊರಡಬೇಡಿ. ಬಕೆಟ್ಟು ಮೇಲೆದ್ದಾಗ ಭಾರವೂ ಮೇಲೇರುತ್ತದೆ, ಹಿಂದಿನ ಚಕ್ರ ಹಗುರಾಗುತ್ತದೆ, ಬದುವಿನ ಮೇಲೆ ಒಂದು ಚಕ್ರ ಹತ್ತಿದರೆ ಸಾಕು, ಗಾಡಿ ಮಗುಚುತ್ತದೆ. ಮುಂದಿನ ಆಕ್ಸಲ್ಲು ಆ ಭಾರ ತಡೆಯುತ್ತದೆ, ಹಿಂದೆ ಇಷ್ಟು ತೂಕ ಕಟ್ಟಬೇಕು ಅಂತ ಗಾಡಿಯ ಕಂಪನಿಯೇ ಬರೆದುಕೊಡದಿದ್ದರೆ ಲೋಡರಿನ ಆಸೆ ಬಿಡಿ.

ಯಾರ ಆಸ್ತಿ ಇದು?

ಟ್ರಾಕ್ಟರಿನ ಹಿಂದಿನ ಮೂರು ಪಾಯಿಂಟಿನ ಲಿಫ್ಟು ಹುಟ್ಟಿದ ಕತೆ ನಮಗೆ ಗೊತ್ತಿರಬೇಕು. ಐರ್ಲೆಂಡಿನ ರೈತನ ಮಗ ಹ್ಯಾರಿ ಫರ್ಗ್ಯೂಸನ್ ಎಣ್ಣೆಯ ಒತ್ತಡದಿಂದ ನೇಗಿಲನ್ನು ಹಿಡಿದೆತ್ತುವ ಈ ವ್ಯವಸ್ಥೆಗೆ 1926ರಲ್ಲಿ ಬ್ರಿಟನ್ನಿನಲ್ಲಿ ಪೇಟೆಂಟ್ ಪಡೆದ. ಹೆನ್ರಿ ಫೋರ್ಡ್ ಜೊತೆ ಕೈಕುಲುಕಿದ ಒಪ್ಪಂದದ ಮೇಲೆ ಅದು 1939ರಲ್ಲಿ ಫೋರ್ಡ್ ಟ್ರಾಕ್ಟರಿಗೆ ಬಂತು. ಆಮೇಲೆ ಇಬ್ಬರ ಕಂಪನಿಗೂ ಜಗಳವಾಗಿ, 1952ರಲ್ಲಿ ಫೋರ್ಡ್ ಕಂಪನಿ 92 ಲಕ್ಷದ 50 ಸಾವಿರ ಡಾಲರು ಕೊಟ್ಟು ವ್ಯಾಜ್ಯ ಮುಗಿಸಿತು. ಇವತ್ತು ಆ ಲಿಫ್ಟಿಗೆ ಯಾರ ಪೇಟೆಂಟೂ ಇಲ್ಲ. ಆಯಾ ಗಾತ್ರದ ಗಾಡಿಗೆ ಅದರ ಅಳತೆ ಲೋಕಕ್ಕೆಲ್ಲ ಒಂದೇ ಆಗಿದೆ. ಅದರಿಂದಲೇ ನಮ್ಮೂರ ಕುಲುಮೆಯವನು ಮಾಡಿದ ಕಲ್ಟಿವೇಟರು ಯಾವ ಕಂಪನಿಯ ಗಾಡಿಗಾದರೂ ಹೊಂದುತ್ತದೆ. ಅಳತೆ ಬಹಿರಂಗವಾದಾಗ ಕಸುಬು ಹಳ್ಳಿಗೆ ಬಂತು, ಬೆಲೆ ಇಳಿಯಿತು. ಎಣ್ಣೆಯ ಬಾಯಿಗೂ ಇದೇ ನ್ಯಾಯ ಬೇಕು ಅಂತ ನಾವು ಕೇಳುತ್ತಿರುವುದು.

ಬೇರೆ ದೇಶದ ರೈತರೂ ಇದನ್ನೇ ಕೇಳುತ್ತಿದ್ದಾರೆ. ಅಮೆರಿಕದ ಕೊಲರಾಡೊ ರಾಜ್ಯ 2023ರಲ್ಲಿ, ರೈತ ತನ್ನ ಯಂತ್ರವನ್ನು ತಾನೇ ರಿಪೇರಿ ಮಾಡಿಕೊಳ್ಳಲು ಬೇಕಾದ ಕೈಪಿಡಿ, ಬಿಡಿಭಾಗ, ಸಲಕರಣೆಗಳನ್ನು ಕಂಪನಿಗಳು ಕೊಡಲೇಬೇಕು ಅಂತ ಕಾನೂನು ಮಾಡಿತು. ನಮ್ಮ ಕೇಂದ್ರ ಸರ್ಕಾರವೂ 2022ರಲ್ಲಿ ರಿಪೇರಿ ಹಕ್ಕಿನ ಬಗ್ಗೆ ಒಂದು ಸಮಿತಿ ಮಾಡಿ, ಕೃಷಿ ಯಂತ್ರಗಳನ್ನೂ ಅದರ ವ್ಯಾಪ್ತಿಗೆ ಸೇರಿಸಿತು. ಸಮಿತಿ ಬೇರೆ, ಕಾನೂನು ಬೇರೆ. ಸಮಿತಿಯಿಂದ ಗೇರು ತಿರುಗುವುದಿಲ್ಲ.

ಇಷ್ಟರ ಮಧ್ಯೆಯೂ ನಮ್ಮ ಕೈಯಲ್ಲಿ ಒಂದು ಆಯುಧ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ, ತಾನೇ ದುಡಿದು ಹೊಟ್ಟೆ ಹೊರೆಯಲು ಯಂತ್ರ ಕೊಂಡವನು ಗ್ರಾಹಕನೇ, ವ್ಯಾಪಾರಿಯಲ್ಲ. ಕೊಂಡ ಸಾಮಾನಿಗೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ಕೊಡಲು ಶುಲ್ಕವಿಲ್ಲ. ಆದರೆ ಬಿಲ್ಲು ಬೇಕು. ವಾಲ್ವಿಗೆ ಬಿಲ್ಲು, ಹೋಸಿಗೆ ಬಿಲ್ಲು, ಕೂರಿಸಿದ ಕೂಲಿಗೆ ಬಿಲ್ಲು ತೆಗೆದುಕೊಳ್ಳಿ. "ಇದನ್ನು ಹಾಕಿದರೆ ವಾರಂಟಿ ಹೋಗುತ್ತದೆಯೇ ಇಲ್ಲವೇ" ಅಂತ ಷೋರೂಮಿನವರಿಂದ ಬರಹದಲ್ಲಿ ತೆಗೆದುಕೊಳ್ಳಿ. ಬಾಯಿಮಾತಿಗೆ ಆಯೋಗದಲ್ಲಿ ಬೆಲೆ ಕಡಿಮೆ.

ನಮ್ಮ ಬೇಡಿಕೆಗಳು

1. ನಮ್ಮ ರಾಜ್ಯದಲ್ಲಿ ಮಾರುವ ಪ್ರತಿ ಮಿನಿ ಟ್ರಾಕ್ಟರಿನ ಮೇಲೂ ಪಂಪು ದೂಡುವ ಎಣ್ಣೆ, ಒತ್ತಡ, ಹೊರಗೆ ಕೊಡಬಹುದಾದ ಎಣ್ಣೆಯ ಲೀಟರು, ಈ ಮೂರು ಅಂಕಿಯನ್ನು ಕನ್ನಡದಲ್ಲಿ ತಗಡಿನ ಮೇಲೆ ಬರೆದು ಹಚ್ಚಬೇಕು. ಮಧ್ಯಪ್ರದೇಶದ ಬುದನಿಯಲ್ಲಿರುವ ಕೇಂದ್ರ ಸರ್ಕಾರದ ಪರೀಕ್ಷಾ ಸಂಸ್ಥೆ ಟ್ರಾಕ್ಟರುಗಳ ಲಿಫ್ಟು, ಪಂಪುಗಳನ್ನು ಅಳೆದು ವರದಿ ಬರೆಯುತ್ತದೆ. ಅಂಕಿ ಸರ್ಕಾರದ ಹತ್ತಿರ ಇದೆ, ರೈತನ ಹತ್ತಿರ ಇಲ್ಲ.

2. ಎಣ್ಣೆ ಹೊರತೆಗೆಯುವ ಬಾಯಿ, ಒಂದೇ ಅಳತೆಯ ಕಪ್ಲಿಂಗು ಕಾರ್ಖಾನೆಯಲ್ಲೇ ಕೂರಿಸಿ ಬರಬೇಕು. ಅದನ್ನು ಮೇಲಿನ ಮಾಡೆಲಿಗೆ ಆಸೆ ಹುಟ್ಟಿಸುವ ಗಾಳವಾಗಿ ಬಳಸಕೂಡದು.

3. ಅಳತೆಗೆ ಸರಿಯಾದ ವಾಲ್ವನ್ನು ತಿಳಿದ ಮೇಸ್ತ್ರಿ ಕೂರಿಸಿದ್ದರೆ, ಅದರಿಂದಲೇ ಕೆಟ್ಟಿತು ಅಂತ ಕಂಪನಿ ತೋರಿಸಿಕೊಡುವವರೆಗೂ ವಾರಂಟಿ ಉಳಿಯಬೇಕು.

4. ಸಬ್ಸಿಡಿ ಹೊಸ ಯಂತ್ರಕ್ಕಷ್ಟೇ ಅಲ್ಲ, ಇರುವ ಯಂತ್ರಕ್ಕೆ ಸೇರಿಸುವ ವಾಲ್ವಿಗೂ ಊರಿನ ಗ್ಯಾರೇಜಿನ ಬಿಲ್ಲಿನ ಮೇಲೆ ಸಿಗಬೇಕು. 2025ರ ಸೆಪ್ಟೆಂಬರ್ 22ರಿಂದ ಟ್ರಾಕ್ಟರಿನ ಜಿ.ಎಸ್.ಟಿ. ಶೇಕಡಾ 12ರಿಂದ 5ಕ್ಕೆ ಇಳಿಯಿತು. ಆ ಇಳಿತ ವಾಲ್ವು, ಹೋಸಿನ ಬಿಲ್ಲಿನಲ್ಲೂ ಕಾಣಬೇಕು.

5. ಯಂತ್ರದ ಸಾಲಕ್ಕೆ ಫ್ಲಾಟ್ ಬಡ್ಡಿ ನಿಲ್ಲಬೇಕು. ಬೆಂಬಲ ಬೆಲೆಗೆ ಸಿ2 ಲೆಕ್ಕ ಬರಬೇಕು.

ಮಲಪ್ರಭಾ ಅಚ್ಚುಕಟ್ಟಿನ ಅಭಿವೃದ್ಧಿ ಕರದ ವಿರುದ್ಧ 1980ರಲ್ಲಿ ನರಗುಂದ, ನವಲಗುಂದದ ರೈತರು ಎದ್ದು ನಿಂತಾಗ ಅವರು ಕೇಳಿದ ಪ್ರಶ್ನೆ ದೊಡ್ಡದೇನಲ್ಲ. ನಮಗೆ ಏನು ಸಿಕ್ಕಿತು, ಅದಕ್ಕೆ ಎಷ್ಟು ಕೇಳುತ್ತಿದ್ದೀರಿ, ಲೆಕ್ಕ ತೋರಿಸಿ ಅಂತ. ಕಾಲುವೆಗೆ ಕೇಳಿದ ಪ್ರಶ್ನೆಯನ್ನೇ ನಾವು ಈ ವಾಲ್ವಿಗೂ ಕೇಳಬೇಕು.

ಮುಂದಿನ ಅಮಾವಾಸ್ಯೆ ದಿನ ಯಾರೂ ಆರು ಕಟ್ಟುವುದಿಲ್ಲ. ಊರಿನ ಮಿನಿ ಟ್ರಾಕ್ಟರುಗಳನ್ನೆಲ್ಲ ಅರಳಿಕಟ್ಟೆ ಹತ್ತಿರ ತಂದು ನಿಲ್ಲಿಸಿ. ಬಲ್ಲ ಮೇಸ್ತ್ರಿಯೊಬ್ಬನನ್ನು ಕರೆಸಿ, ಕಾಫಿ ಕೊಡಿ. ಓದಿದ ಹುಡುಗರಿಂದ ಕೈಪಿಡಿ ಓದಿಸಿ, ಪ್ರತಿ ಗಾಡಿಯ ಪಂಪಿನ ಲೀಟರು, ಒತ್ತಡ ಎರಡನ್ನೂ ಬಣ್ಣದಲ್ಲಿ ಮಡ್‌ಗಾರ್ಡಿನ ಒಳಬದಿಗೆ ಬರೆಸಿ. ಯಾರ ಗಾಡಿಗೆ ಯಾವ ಬಾಯಿ ಇದೆ, ಯಾರಿಗೆ ಯಾವ ವಾಲ್ವು ಬೇಕು, ಊರಿಗೆ ಎಷ್ಟು ನೇಗಿಲು ಸಾಕು ಅಂತ ಒಂದು ಪಟ್ಟಿ ಮಾಡಿ. ಆಮೇಲೆ ಐದು ಜನ ಒಟ್ಟಿಗೆ ಅಂಗಡಿಗೆ ಹೋಗಿ. ಒಬ್ಬನೇ ಹೋದವನಿಗೆ ಕಂತಿನ ಕಾಗದ ತೋರಿಸುತ್ತಾರೆ. ಅಂಕಿ ಹಿಡಿದು ಐದು ಜನ ಹೋದರೆ ವಾಲ್ವು ತೋರಿಸುತ್ತಾರೆ.